ನನ್ನ ಅಕ್ಕನಿಗೆ ಸಿಗದ ಭೇದಿ ಮದ್ದು

ರಾಷ್ಟ್ರೀಯ ಔಷಧ ಪಟ್ಟಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಮಲಬದ್ಧತೆ. ಮೊದಲ ಪದವಾಗಿ ಇದನ್ನೇ ಬರೆದಿದ್ದೇನೆ, ಯಾಕೆಂದರೆ ತಮ್ಮ ಕಚೇರಿಯಲ್ಲಿ ಈ ಪದ ಹೇಳಿದ ಕೂಡಲೇ ಜನ ನಗುತ್ತಾರೆ. ನಗುವವರು ಈಗಲೇ ನಕ್ಕು ಮುಗಿಸಲಿ, ಆಮೇಲೆ ಓದಲಿ. ನನ್ನ ಅಕ್ಕ ಮನ್ನೂಬಿಯಾ ಕಳೆದ ಚಳಿಗಾಲದಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಳು. ಅದಕ್ಕಾಗಿ ತಮ್ಮ ಮೇಲೆ ದೂರಿಲ್ಲ. ಆ ತೀರ್ಪು ಕೊಡುವವನು ಬೇರೆ, ಅವನಿಗೆ ಬಹಿರಂಗ ಪತ್ರ ಬರೆಯುವ ಧೈರ್ಯ ನನಗಿಲ್ಲ. ನನ್ನ ದೂರು ಇಷ್ಟು: ಸಾಯುವ ಮೊದಲು ಅವಳು ನೋವಿನ ಔಷಧಿಯನ್ನು ತಾನಾಗಿಯೇ ಬಿಟ್ಟಳು, ನೋವಿನಲ್ಲೇ ಸತ್ತಳು. ಬಿಟ್ಟದ್ದು ಯಾಕೆಂದರೆ, ತಾವು ಅವಳಿಗೆ ಮಾರ್ಫಿನ್ ಕೊಟ್ಟಿರಿ, ಆದರೆ ಮಾರ್ಫಿನ್ ಕುಡಿದವರ ಹೊಟ್ಟೆ ಕಟ್ಟದಂತೆ ಅದರ ಜೊತೆಗೇ ಕೊಡಬೇಕಾದ ಭೇದಿ ಮದ್ದನ್ನು ಪಟ್ಟಿಯಿಂದ ತೆಗೆದುಹಾಕಿದಿರಿ.

ತೆಗೆದುಹಾಕಿದ್ದಕ್ಕೆ ತಾವು ಕೊಟ್ಟ ಕಾರಣವನ್ನು ನಾನು ಓದಿದ್ದೇನೆ. ಕೆಲಸದ ಆಯುಷ್ಯವೆಲ್ಲ ನ್ಯಾಯಾಲಯದಲ್ಲಿ ತೀರ್ಪುಗಳನ್ನು ಬೆರಳಚ್ಚು ಮಾಡಿದವಳು ನಾನು. ಕಚೇರಿ ಭಾಷೆ ನನಗೆ ಹೊಸದಲ್ಲ, ಯಾವ ಪದದ ಹಿಂದೆ ಯಾರು ಬಚ್ಚಿಟ್ಟುಕೊಳ್ಳುತ್ತಾರೆ ಎಂಬುದೂ ಗೊತ್ತು. ತಾವು ಭೇದಿ ಮದ್ದುಗಳನ್ನು "ಸೌಖ್ಯದ ಔಷಧಿಗಳು" ಎಂಬ ಗುಂಪಿಗೆ ಸೇರಿಸಿದ್ದೀರಿ. ಮುಖಕ್ಕೆ ಹಚ್ಚುವ ಕ್ರೀಮು, ಕೂದಲು ಬೆಳೆಸುವ ಎಣ್ಣೆಗಳ ಪಕ್ಕದಲ್ಲಿ. ಸರ್ಕಾರಿ ದವಾಖಾನೆಗಳು ಇನ್ನು ಅವನ್ನು ಕೊಡಬೇಕಾಗಿಲ್ಲ, ಆಮದೂ ಅನಗತ್ಯ. ಸೌಖ್ಯ ಎಂದರೇನು ಅಧ್ಯಕ್ಷರೇ? ತಾವು ಬೆಳಿಗ್ಗೆ ಕಾಫಿ ಕುಡಿದು, ಪತ್ರಿಕೆ ಹಿಡಿದು ಒಳಗೆ ಹೋಗಿ, ಹಗುರಾಗಿ ಹೊರಬಂದು ಕಾರು ಹತ್ತುತ್ತೀರಲ್ಲ, ಅದನ್ನು ಸೌಖ್ಯ ಎಂದು ಕರೆಯುತ್ತೀರಾ? ಇಲ್ಲ. ಅದನ್ನು ತಾವು ಏನೆಂದೂ ಕರೆಯುವುದಿಲ್ಲ. ಅದು ನಡೆಯುತ್ತದೆ, ಅಷ್ಟೆ. ನಡೆಯದೆ ಹೋದಾಗ ಮಾತ್ರ ಅದಕ್ಕೊಂದು ಹೆಸರು ಬರುತ್ತದೆ, ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಮ್ಮ ಸಮಿತಿಯ ಕಲಿತವರ ನಡುವೆ, ಮಾರ್ಫಿನ್ ಮೇಲಿರುವವರ ಕಥೆ ಏನು ಎಂದು ಒಬ್ಬರಾದರೂ ಕೇಳಿದರೇ? ಅಥವಾ ಚಹಾ ಬರುವ ಹೊತ್ತಾಗಿತ್ತೇ?

ಅಕ್ಕ ಯಾರು ಎಂದು ಮೊದಲು ಹೇಳಬೇಕು. ಗಡಿಯ ಬೆಟ್ಟದ ನಮ್ಮ ಊರಿನಲ್ಲಿ ಅವಳ ಕೈ ತಾಗದ ಹೆಂಗಸಿನ ಮೈ ಇಲ್ಲ ಎನ್ನಬಹುದು. ಹೆಂಗಸರ ಹಮಾಮಿನ ಉಗಿ ಸ್ನಾನದ ಕೋಣೆಯಲ್ಲಿ ಮೈ ಉಜ್ಜುವ ಹಾರ್ಜಾಳ ಕೆಲಸ ಅವಳದು. ಹಾರ್ಜಾ ಮನ್ನೂಬಿಯಾ ಎಂದರೆ ಮಕ್ಕಳೂ ದಾರಿ ತೋರಿಸುತ್ತಿದ್ದರು. ಮದುವಣಗಿತ್ತಿಯರನ್ನು ಬಿಸಿ ಕಲ್ಲಿನ ಮೇಲೆ ಮಲಗಿಸಿ ಉಜ್ಜಿದವಳು, ಬಾಣಂತಿಯರ ಹೊಟ್ಟೆ ಕಟ್ಟಿದವಳು, ಎದ್ದೇಳಲಾಗದ ಮುದುಕಿಯರನ್ನು ಎತ್ತಿ ಕೂರಿಸಿ ತಲೆಗೆ ನೀರು ಹುಯ್ದವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿ, ಶಾಲೆಗೆ ಕಳಿಸಿದವಳೂ ಅವಳೇ. ಅವಳ ಗಂಡ ಬೇಗ ಸತ್ತ, ಮಕ್ಕಳಿಲ್ಲ, ನಾನು ಮದುವೆಯಾಗಲಿಲ್ಲ. ಹಾಗಾಗಿ ಒಂದು ಅಂಗಳ, ಒಂದು ನಿಂಬೆ ಗಿಡ, ಇಬ್ಬರು ಅಕ್ಕತಂಗಿಯರು. ಒಮ್ಮೆ ನಮ್ಮ ನ್ಯಾಯಾಧೀಶರ ಹೆಂಡತಿ ಸಂತೆಯಲ್ಲಿ ಎದುರಾಗಿ, ನನ್ನ ಗುರುತು ಸಿಗಲಿಲ್ಲವಾ ಎಂದು ಕೇಳಿದಾಗ ಅಕ್ಕ ಎಲ್ಲರೆದುರಿಗೇ ಅಂದಳು: "ಸ್ವಲ್ಪ ಆ ಕಡೆ ತಿರುಗಿ ನಿಂತ್ಕೊಳಿ ಅಮ್ಮಾ, ಬೆನ್ನು ನೋಡಿದ್ರೆ ಹೇಳ್ಬಿಡ್ತೀನಿ." ನಾನು ನಾಚಿಕೆಯಿಂದ ಟೊಮೆಟೊ ಬುಟ್ಟಿಯ ಹಿಂದೆ ಕೂತುಬಿಟ್ಟೆ. ನ್ಯಾಯಾಧೀಶರ ಹೆಂಡತಿ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮೈಯ ವಿಷಯದಲ್ಲಿ ನಾಚಿಕೆ ಎಂಬುದನ್ನು ಅಕ್ಕ ಉಗಿಯಲ್ಲಿ ಬಿಟ್ಟು ಬಂದಿದ್ದಳು. ಮುಂದಿನದನ್ನು ಓದುವಾಗ ಇದನ್ನು ದಯವಿಟ್ಟು ನೆನಪಿಡಿ.

ರೋಗ ಗರ್ಭಕೋಶದಲ್ಲಿ ಹುಟ್ಟಿ ಸೊಂಟದ ಮೂಳೆಗೆ ಇಳಿದಿತ್ತು. ಗುಣವಾಗುವ ಕಾಲ ದಾಟಿದೆ ಎಂದು ಪ್ರಾಂತೀಯ ಆಸ್ಪತ್ರೆಯವರು ಮನೆಗೆ ಕಳಿಸಿದರು. ಕೂತರೆ ನೋವು, ಮಲಗಿದರೆ ನೋವು, ಹೊದಿಕೆಯ ತುದಿ ತಾಗಿದರೆ ನೋವು. ಗೋಡೆಗೆ ಒರಗಿ, ಅರ್ಧ ನಿಂತು ಅರ್ಧ ಬಾಗಿ ನಿದ್ದೆ ಮಾಡಲು ನೋಡುತ್ತಿದ್ದಳು. ಆಮೇಲೆ ದವಾಖಾನೆಯಿಂದ ಮಾರ್ಫಿನ್ ಬಂತು, ಕಹಿ ದ್ರವ, ಸಣ್ಣ ಬಾಟಲಿಯಲ್ಲಿ. ನ್ಯಾಯವಾಗಿ ಹೇಳಬೇಕು ಅಧ್ಯಕ್ಷರೇ: ಅದು ಬಂದ ಮೇಲೆ ಅಕ್ಕ ವಾಪಸು ಬಂದಳು. ಬೆನ್ನು ಹಾಸಿಗೆಗೆ ಕೊಟ್ಟು ಮಲಗಿದಳು. ಒಂದು ಬಟ್ಟಲು ಮುಲೂಖಿಯಾ ಸೊಪ್ಪಿನ ಸಾರು ರೊಟ್ಟಿ ಅದ್ದಿ ಉಂಡಳು. ಪಕ್ಕದ ಮನೆಯ ಹಲ್ಲೂಮಾಳನ್ನು ಕೂಗಿ ಕರೆದು, ಅವಳ ಗಂಡ ಬಷೀರ್‌ನ ಗೊರಕೆ ನಮ್ಮ ಗೋಡೆ ತೂತು ಮಾಡುತ್ತಿದೆ, ಸುಣ್ಣ ಹೊಡೆಸು ಎಂದು ಜಗಳ ತೆಗೆದಳು. ತಮ್ಮ ಸರ್ಕಾರಕ್ಕೆ ಕೈಯೆತ್ತಿ ಆಶೀರ್ವಾದವನ್ನೂ ಮಾಡಿದಳು. ಆ ಆಶೀರ್ವಾದ ತಮ್ಮನ್ನು ತಲುಪಿದ್ದರೆ ಇಟ್ಟುಕೊಳ್ಳಿ. ಅದಕ್ಕೆ ಬೆಲೆ ಕೊಟ್ಟವಳು ಅವಳು.

ದವಾಖಾನೆಯ ಡಾಕ್ಟರು ಬಾಟಲಿ ಕೊಡುವಾಗ ಎಷ್ಟು ಹೊತ್ತಿಗೊಮ್ಮೆ ಕುಡಿಸಬೇಕು ಎಂದು ಹೇಳಿದರು, ಬೀಗ ಹಾಕಿಡಿ ಎಂದರು, ಕಳ್ಳರ ಬಗ್ಗೆ ಎಚ್ಚರಿಸಿದರು. ಕರುಳಿನ ಮಾತು ಬಂದದ್ದು ಬಾಗಿಲ ಹತ್ತಿರ, ಚಪ್ಪಲಿ ಮೆಟ್ಟುವಾಗ, ಹೋಗುವಾಗ ಹೇಳುವ ಮಾತಿನ ಹಾಗೆ: ನಾರಿರುವ ಆಹಾರ ತಿನ್ನಿಸಿ, ನೀರು ಚೆನ್ನಾಗಿ ಕುಡಿಸಿ, ಓಡಾಡಿಸಿ. ಓಡಾಡಿಸಿ! ಹಾಸಿಗೆಯಿಂದ ಕಕ್ಕಸಿಗೆ ಹೋಗಲು ನನ್ನ ಹೆಗಲಿಗೆ ತೂಗುಬೀಳುತ್ತಿದ್ದವಳನ್ನು. ಆದರೂ ಅವರ ಮಾತನ್ನು ಅಕ್ಷರಶಃ ಪಾಲಿಸಿದೆ. ಹಲ್ಲೂಮಾ ಜೆಬ್ಬಾದ ಒಣ ಅಂಜೂರ ತಂದಳು, ಆಲಿವ್ ಎಣ್ಣೆಯಲ್ಲಿ ನೆನೆಸಿ ತಿನ್ನಿಸಿದೆವು. ತೌಡು ಕಲಸಿದ ಹಿಟ್ಟು ತಿನ್ನಿಸಿದೆವು. ಎರಡು ಗುಟುಕಿಗಿಂತ ಹೆಚ್ಚು ನೀರು ಇಳಿಯದ ಗಂಟಲಿಗೆ ತೌಡು! ಒಳಗೆ ಅದು ಗಾರೆಯಾಗುತ್ತದೆ, ಮಾರ್ಫಿನ್ ಕುಡಿದವರಿಗೆ ತೌಡು ತಿನ್ನಿಸಬಾರದು ಎಂದು ನಮಗೆ ಯಾರು ಹೇಳಬೇಕಿತ್ತು? ಸಂಬಾರದ ಅಂಗಡಿಯವನು ಸೋನಾಮುಖಿ ಎಲೆ ಕಟ್ಟಿಕೊಟ್ಟ. ಎಷ್ಟು ಹಾಕಬೇಕೆಂದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಷಾಯ ಕುಡಿದ ಅಕ್ಕ ಕರುಳು ಹಿಂಡಿದ ಹಾಗಾಗಿ ಹಾಸಿಗೆ ಕಚ್ಚಿಕೊಂಡು ಒದ್ದಾಡಿದಳು, ಹೊರಗೆ ಬಂದದ್ದು ಏನೂ ಇಲ್ಲ. ಮತ್ತೆ ಅದನ್ನು ಮುಟ್ಟಿಸಲು ನನಗೆ ಕೈ ಬರಲಿಲ್ಲ.

ದವಾಖಾನೆಗೆ ಹೋಗಿ ಭೇದಿ ಮದ್ದು ಕೇಳಿದೆ. ಪಟ್ಟಿಯಲ್ಲಿಲ್ಲ ಎಂದರು. ಹಿಂದೆ ಇತ್ತಲ್ಲ ಎಂದೆ. ಹಿಂದೆ ಇತ್ತು ಎಂದರು. ಊರಿನ ಖಾಸಗಿ ಅಂಗಡಿಗಳಲ್ಲಿ ಕೇಳಿದೆ. ಆಮದು ನಿಂತಿದೆ, ಬಂದರೆ ಹೇಳಿಕಳಿಸುತ್ತೇವೆ ಎಂದರು. ಅಕ್ಕನ ಹೊಟ್ಟೆ ನಗಾರಿಯ ಹಾಗೆ ಬಿಗಿದು ನಿಂತಿತ್ತು. ಊಟ ಬೇಡವೆಂದಳು, ಮಾತು ಕಡಿಮೆ ಮಾಡಿದಳು. ಬೆಳಗಿನ ಹೊತ್ತು ಕಕ್ಕಸಿನ ಪರದೆಯ ಹಿಂದೆ ಕೂತು, ಹೊರಗೆ ನಿಂತ ನನಗೆ ಕೇಳಬಾರದೆಂದು ಸೆರಗನ್ನು ಬಾಯಿಗೆ ತುರುಕಿಕೊಂಡು ತಿಣುಕುತ್ತಿದ್ದಳು. ನನಗೆ ಕೇಳುತ್ತಿತ್ತು. ಈಗಲೂ ಕೇಳುತ್ತದೆ. ಪರದೆ ತೆಗೆದು ಒಗೆದು ಮಡಿಸಿಟ್ಟಿದ್ದೇನೆ, ಅಲ್ಲಿಗೊಂದು ಬಾಗಿಲು ಹಾಕಿಸಿದ್ದೇನೆ. ಆ ಬಾಗಿಲು ತಳ್ಳುವ ಮುನ್ನ ಒಳಗೆ ಯಾರೋ ಇದ್ದಾರೆಂದು ಪ್ರತಿ ಸಲ ನಿಲ್ಲುತ್ತೇನೆ, ಕೆಮ್ಮುತ್ತೇನೆ, ಕಾಯುತ್ತೇನೆ. ಬಟ್ಟೆ ಕಚ್ಚಿದ ಬಾಯಿಯ ಉಸಿರು ನಿಂತಿತು ಅನ್ನಿಸಿದ ಮೇಲೆ ಒಳಗೆ ಹೋಗುತ್ತೇನೆ.

ಆಮೇಲೆ ಒಂದು ಬೆಳಿಗ್ಗೆ ಹಾಸಿಗೆ ಒದ್ದೆಯಾಗಿತ್ತು. ನೀರು ನೀರಾಗಿ ಸೋರುತ್ತಿತ್ತು, ಅವಳ ಅರಿವಿಲ್ಲದೆ. ನಾವು ಸಂತೋಷಪಟ್ಟೆವು ಅಧ್ಯಕ್ಷರೇ. ದೇವರು ದೊಡ್ಡವನು, ಕಟ್ಟೆ ಒಡೆಯಿತು ಎಂದು ಹಲ್ಲೂಮಾ ನಾಲಿಗೆ ಆಡಿಸಿ ಮದುವೆಯ ಉಲಿ ಹಾಕಿದಳು. ಆದರೆ ಸೋರುವುದು ನಿಲ್ಲಲಿಲ್ಲ, ಹೊಟ್ಟೆಯೂ ಇಳಿಯಲಿಲ್ಲ. ದವಾಖಾನೆಯ ಡಾಕ್ಟರಿಗೆ ಹೇಳಿದರೆ, ಭೇದಿಯಾಗುತ್ತಿದೆಯೇ, ಹಾಗಾದರೆ ಭೇದಿ ಕಟ್ಟುವ ಮಾತ್ರೆ ಕೊಡಿ ಎಂದು ಬರೆದುಕೊಟ್ಟರು. ಅದು ಪಟ್ಟಿಯಲ್ಲಿತ್ತು. ಅದನ್ನು ಕೊಡಲು ಯಾರಿಗೂ ಅಡ್ಡಿಯಿರಲಿಲ್ಲ. ಮುಚ್ಚಿದ ಬಾಗಿಲಿಗೆ ಹೊರಗಿನಿಂದ ಮೊಳೆ ಹೊಡೆಯುವ ಔಷಧಿ ಅವಶ್ಯಕ, ತೆರೆಯುವ ಔಷಧಿ ಸೌಖ್ಯ! ಮಾತ್ರೆ ಕೊಟ್ಟೆವು. ಅಕ್ಕ ವಾಂತಿ ಮಾಡತೊಡಗಿದಳು. ದಿನವೂ ಊರಿನ ಹೆಂಗಸರ ಮೈ ತೊಳೆದವಳು ತನ್ನ ಮೈ ತೊಳೆಯಲು ಬಿಡುತ್ತಿರಲಿಲ್ಲ. ಮೂಗು ಮುಚ್ಚಿಕೊಳ್ಳದೆ ಸಾವಿರ ಮುದುಕಿಯರನ್ನು ಎತ್ತಿದವಳು, ನನ್ನ ಕೈಯಲ್ಲಿ ನೀರಿನ ತಂಬಿಗೆ ಕಂಡರೆ ಗೋಡೆಗೆ ತಿರುಗಿ ಹೊದಿಕೆ ಬಿಗಿಹಿಡಿಯುತ್ತಿದ್ದಳು.

ಮಾರ್ಫಿನ್ ಬಾಟಲಿ ತಂದರೆ ತುಟಿ ತೆರೆಯಲಿಲ್ಲ. ಯಾಕೆ ಎಂದು ಕೇಳಿದೆ, ಬೇಡಿಕೊಂಡೆ, ಗದರಿದೆ.

"ಇದನ್ನ ಕುಡಿಯೋಕೆ ಶುರು ಮಾಡಿದ ಮೇಲೇ ಅಲ್ವೇನೇ ಹೊಟ್ಟೆ ಕಟ್ಟಿದ್ದು?" ಅಂದಳು. "ನಾನೇನು ದಡ್ಡಿಯಾ? ನೀವೆಲ್ಲ ಅಂಜೂರ ಅಂತೀರಿ, ತೌಡು ಅಂತೀರಿ. ಇದೇ ಕಣೇ ಕಟ್ಟಿರೋದು."

"ನೋವು ತಡ್ಕೊಳೋಕಾಗಲ್ಲ ಅಕ್ಕಾ."

"ನೋವಾದ್ರೆ ಕೂಗ್ತೀನಿ. ಕೂಗೋದಕ್ಕೇನು ನಾಚಿಕೆ? ಹೆರೋವಾಗ ಎಲ್ರೂ ಕೂಗ್ತಾರೆ. ನೋವಿದ್ರೆ ನಾನು ಮನುಷ್ಯಳಾಗಿರ್ತೀನಿ ಕಣೇ ಷಾದ್ಲಿಯಾ. ಇದ್ರಲ್ಲಿ ಅದೂ ಇಲ್ಲ."

ಕೂಗಿದಳು. ಬೀದಿಯ ಆ ತುದಿಯ ಕಾಫಿ ಅಂಗಡಿಯಲ್ಲಿ ಇಸ್ಪೀಟು ಆಡುವವರು ಎಲೆ ಕೆಳಗಿಟ್ಟು ಎದ್ದುಹೋಗುವಷ್ಟು ಕೂಗಿದಳು. ಮನೆಯಲ್ಲಿ ಮಾರ್ಫಿನ್ ತುಂಬಿದ ಬಾಟಲಿ ಬೀಗದೊಳಗಿತ್ತು, ತಮ್ಮ ಅಂಕಿಅಂಶಗಳಲ್ಲಿ ಒಬ್ಬ ರೋಗಿಗೆ ನೋವು ನಿವಾರಣೆಯಾಗಿತ್ತು.

ನಾನು ಪ್ರಾಂತೀಯ ಆಸ್ಪತ್ರೆಗೆ ಹೋಗಿ ನೋವಿನ ವಿಭಾಗದ ಬಾಗಿಲಲ್ಲಿ ಕೂತೆ. ಏಳಿ ಎಂದರು, ಏಳಲಿಲ್ಲ. ಕೊನೆಗೆ ಅಲ್ಲಿನ ಡಾಕ್ಟರಮ್ಮ ಬಂದು ಪಕ್ಕದಲ್ಲೇ ನೆಲದ ಮೇಲೆ ಕೂತು ಕೇಳಿಸಿಕೊಂಡರು. ಇನ್ಸಾಫ್ ಎಂದು ಅವರ ಹೆಸರು, ನಮ್ಮ ಭಾಷೆಯಲ್ಲಿ ನ್ಯಾಯ ಎಂದರ್ಥ. ನ್ಯಾಯಾಲಯದಲ್ಲಿ ಅಷ್ಟು ಕಾಲ ದುಡಿದ ನನಗೆ ಅದು ಸಿಕ್ಕಿದ್ದು ಆಸ್ಪತ್ರೆಯ ನೆಲದಲ್ಲಿ. ಅದೇ ಮಧ್ಯಾಹ್ನ ಮನೆಗೆ ಬಂದರು. ಬಂದವರು ನೋವಿನ ಬಗ್ಗೆ ಕೇಳಲಿಲ್ಲ. ಅಕ್ಕನ ಕೈ ಹಿಡಿದು ನೆರೆಮನೆಯವರನ್ನು ಊಟವಾಯಿತೇ ಎಂದು ಕೇಳುವ ಹಾಗೆ ಕೇಳಿದರು: "ದೊಡ್ಡಮ್ಮಾ, ಸರಿಯಾಗಿ ಕಕ್ಕಸಿಗೆ ಹೋಗಿ ಎಷ್ಟು ದಿನ ಆಯ್ತು?" ಅಷ್ಟು ದಿನಗಳಲ್ಲಿ ನಮ್ಮ ಮನೆಗೆ ಬಂದವರಲ್ಲಿ, ಅಥವಾ ನಾನು ಹೋದಲ್ಲಿ, ಈ ಪ್ರಶ್ನೆಯನ್ನು ಈ ಪದಗಳಲ್ಲಿ ಕೇಳಿದವರು ಅವರೊಬ್ಬರೇ. ಅಕ್ಕ ಗೋಡೆ ಕಡೆ ತಿರುಗಿದಳು. ಡಾಕ್ಟರು ಕಾದರು. ಆಮೇಲೆ ಗೋಡೆಗೇ ಹೇಳುವ ಹಾಗೆ ಅಕ್ಕ ಎಲ್ಲವನ್ನೂ ಹೇಳಿದಳು.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಕಿವಿಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿ, ಕರುಳು ಪೂರ್ತಿ ಮುಚ್ಚಿಲ್ಲವೆಂದು ಖಚಿತ ಮಾಡಿಕೊಂಡರು. ಕೈಗವಸು ಹಾಕಿ ಒಳಗೆ ಪರೀಕ್ಷಿಸಿದರು. ಅಂಗಳದಲ್ಲಿ ಕೈ ತೊಳೆಯುತ್ತ ನನಗೆ ವಿವರಿಸಿದರು. ಇದು ಭೇದಿಯಲ್ಲ. ಕೆಳಗೆ ಕಲ್ಲಿನಂತೆ ಗಟ್ಟಿಯಾಗಿ ಕೂತಿದೆ, ಮೇಲಿನ ನೀರು ಅದರ ಸಂದಿಯಿಂದ ಸೋರುತ್ತಿದೆ. ಮಾರ್ಫಿನ್ ನೋವಿನ ಜೊತೆಗೆ ಕರುಳನ್ನೂ ಮಲಗಿಸುತ್ತದೆ. ಬೇರೆ ತೊಂದರೆಗಳಿಗೆ ಮೈ ಒಗ್ಗಿಕೊಳ್ಳಬಹುದು, ಇದಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಮೊದಲ ಗುಟುಕಿನ ದಿನದಿಂದಲೇ ಕರುಳನ್ನು ಎಬ್ಬಿಸುವ ಮದ್ದು, ಮಲವನ್ನು ಮೆದು ಮಾಡುವ ಮದ್ದು ಜೊತೆಗಿರಬೇಕು, ಮಾರ್ಫಿನ್ ನಿಲ್ಲುವವರೆಗೂ. "ಇದು ಹೊಸ ವಿಷಯ ಅಲ್ಲ, ನಮಗೆಲ್ಲ ಕಾಲೇಜಿನಲ್ಲೇ ಕಲಿಸಿದ್ದಾರೆ" ಎಂದರು, ಮುಖ ತಗ್ಗಿಸಿ. ಅಧ್ಯಕ್ಷರೇ, ತಾವೂ ವೈದ್ಯರೆಂದು ತಮ್ಮ ಹೆಸರಿನ ಫಲಕದಲ್ಲಿದೆ. ತಮಗೂ ಕಲಿಸಿರಬೇಕು.

ನೋವಿಗೆ, ಭಯಕ್ಕೆ ಔಷಧಿ ಕೊಟ್ಟು, ಬೆಚ್ಚಗಿನ ಎಣ್ಣೆ ಬಿಟ್ಟು, ಆ ಡಾಕ್ಟರು ತಮ್ಮ ಬೆರಳಿನಿಂದಲೇ ಸ್ವಲ್ಪ ಸ್ವಲ್ಪವಾಗಿ ತೆಗೆದರು. ನಾನು ಅಕ್ಕನ ತಲೆ ತೊಡೆಯ ಮೇಲಿಟ್ಟುಕೊಂಡಿದ್ದೆ. ಅವಳು ಶಾಲಿನೊಳಗೆ ಮುಖ ಮುಚ್ಚಿದ್ದಳು. ಕೋಣೆಯ ವಾಸನೆಯನ್ನು ತಮಗೆ ವರ್ಣಿಸುವುದಿಲ್ಲ. ಪತ್ರಿಕೆಯವರು ಅಚ್ಚು ಹಾಕುವುದಿಲ್ಲ. ಮುಗಿಯುವ ಹೊತ್ತಿಗೆ ಶಾಲಿನೊಳಗಿಂದ ಅಕ್ಕನ ಹಳೆಯ ದನಿ ಬಂತು: "ನಿನ್ನ ಕೈ ಹಗುರ ಇದೆ ಮಗಳೇ. ಡಾಕ್ಟರಿಕೆ ಬೇಜಾರಾದ್ರೆ ಹಮಾಮಿಗೆ ಬಾ, ನನ್ನ ಜಾಗ ಖಾಲಿ ಇದೆ." ಡಾಕ್ಟರು ನಕ್ಕರು. ನಕ್ಕವರು ಹಾಗೆಯೇ ಸ್ವಲ್ಪ ಅತ್ತರು ಕೂಡ, ತೋಳಿನಿಂದ ಕಣ್ಣು ಒರೆಸಿಕೊಂಡು.

ಹೋಗುವ ಮುನ್ನ ತಮ್ಮ ಚೀಲದಿಂದ ಒಂದು ಬಾಟಲಿ ತೆಗೆದು ಕೊಟ್ಟರು. ತೆರೆದ ಬಾಟಲಿ, ಮುಕ್ಕಾಲು ಭಾಗ ಉಳಿದಿತ್ತು. ಎಲ್ಲಿ ಸಿಕ್ಕಿತು ಎಂದು ಕೇಳಿದೆ. ಗಡಿಯಾಚೆಯಿಂದ ಯಾರೋ ತಮ್ಮ ತಂದೆಗೆ ತರಿಸಿದ್ದರು, ತಂದೆ ತೀರಿಕೊಂಡ ಮೇಲೆ ಹಿಂತಿರುಗಿಸಿದರು, ನಮ್ಮಲ್ಲಿ ಈಗ ಹೀಗೇ ನಡೆಯುತ್ತಿದೆ ಎಂದರು. ತಾಯಿಯ ಬಳೆ ಮಗಳಿಗೆ ಹೋಗುವ ಹಾಗೆ, ನಮ್ಮ ಪ್ರಾಂತ್ಯದಲ್ಲಿ ಭೇದಿ ಮದ್ದು ಸತ್ತವರಿಂದ ಸಾಯುವವರಿಗೆ ಹೋಗುತ್ತದೆ. ಇದು ತಮ್ಮ ಸಮಿತಿಯ ವಿತರಣಾ ವ್ಯವಸ್ಥೆ. ಅಭಿನಂದನೆಗಳು.

ಅದನ್ನು ಕುಡಿದು ಅಕ್ಕ ಮತ್ತೆ ಮಾರ್ಫಿನ್ ಕುಡಿದಳು. ಎರಡೂ ಒಟ್ಟಿಗೆ, ಬೆಳಿಗ್ಗೆ ಸಂಜೆ. ಹೊಟ್ಟೆ ಇಳಿಯಿತು, ಕಕ್ಕಸಿಗೆ ತಾನೇ ಹೋಗಿ ಬಂದು "ಷಾದ್ಲಿಯಾ, ಊರಿಗೆಲ್ಲ ಸಿಹಿ ಹಂಚು" ಎಂದು ಕೂಗಿ ಹೇಳಿದಳು. ಹಮಾಮಿನ ಹೆಂಗಸರು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದರು. ತಾನು ಉಜ್ಜುತ್ತಿದ್ದ ಕಲ್ಲಿನ ಮೇಲೆ ಮಲಗಿ, ಉಜ್ಜುವವಳಿಗೆ ಉಜ್ಜಲು ಬರುವುದಿಲ್ಲವೆಂದು ಬೈದಳು. ಅಂಗಳದ ಬಿಸಿಲಿನಲ್ಲಿ ಕೂತು ಬಟಾಣಿ ಸುಲಿದಳು. ಯಾವ ಪವಾಡವೂ ಆಗಿರಲಿಲ್ಲ, ರೋಗ ಎಲ್ಲಿತ್ತೋ ಅಲ್ಲೇ ಇತ್ತು. ಸಾಯುತ್ತಿದ್ದ ಒಬ್ಬ ಹೆಂಗಸು ಸಾಯುವವರೆಗೆ ಬದುಕಿದ್ದಳು, ಅಷ್ಟೆ. ತಾವು ಯಾವುದನ್ನು ಸೌಖ್ಯ ಎಂದಿರೋ ಅದು ಇದು.

ಬಾಟಲಿ ತಳ ಕಂಡಿತು. ಡಾಕ್ಟರು ಹುಡುಕುತ್ತಿದ್ದರು, ಸಿಕ್ಕಿರಲಿಲ್ಲ. ತಮ್ಮ ಸಮಿತಿಗೆ ಅವರು ಬರೆದಿದ್ದರು, ಮುಂದಿನ ಅಧಿವೇಶನದಲ್ಲಿ ಪರಿಶೀಲಿಸಲಾಗುವುದು ಎಂದು ಉತ್ತರ ಬಂದಿತ್ತು. ಅಧ್ಯಕ್ಷರೇ, ನಾನು ಈಗ ಬರೆಯುವ ಮಾತು ಬರೆಯುವುದಕ್ಕೆ ಭಯವಾಗುತ್ತದೆ. ನಮ್ಮಲ್ಲಿ ಯಾರಾದರೂ ಸತ್ತರೆ ಮಸೀದಿಯ ಧ್ವನಿವರ್ಧಕದಲ್ಲಿ ಹೆಸರು ಹೇಳುತ್ತಾರೆ. ಆ ದಿನಗಳಲ್ಲಿ ಧ್ವನಿವರ್ಧಕ ಗರಗರ ಎಂದಾಗಲೆಲ್ಲ ನಾನು ಕೈಯ ಕೆಲಸ ಬಿಟ್ಟು ನಿಲ್ಲುತ್ತಿದ್ದೆ. ಹೆಸರು ಕೇಳಿ, ಅವರಿಗೆ ಏನಾಗಿತ್ತು ಎಂದು ಯೋಚಿಸುತ್ತಿದ್ದೆ. ಹೃದಯಾಘಾತವೋ, ಅಪಘಾತವೋ ಆದರೆ ಮನಸ್ಸು ಪೆಚ್ಚಾಗುತ್ತಿತ್ತು. ಕ್ಯಾನ್ಸರ್ ಎಂದರೆ ಆಸೆಯಿಂದ ಎದೆ ಹಾರುತ್ತಿತ್ತು. ಹಾಗೆ ಎದೆ ಹಾರಿಸುವ ಸ್ಥಿತಿಗೆ ಒಬ್ಬ ಮನುಷ್ಯಳನ್ನು ತಂದು ನಿಲ್ಲಿಸಲು ಯುದ್ಧ ಬೇಕು, ಬರಗಾಲ ಬೇಕು ಎಂದುಕೊಂಡಿದ್ದೆ. ಒಂದು ಸಮಿತಿಯ ಸಭೆ ಸಾಕು.

ಒಂದು ಮಧ್ಯಾಹ್ನ ಧ್ವನಿವರ್ಧಕ ಕೂಗಿದಾಗ ಬಾಗಿಲಲ್ಲಿ ನಿಂತು ಕಿವಿಗೊಟ್ಟ ನನ್ನನ್ನು ಅಕ್ಕ ಹಾಸಿಗೆಯಿಂದ ನೋಡುತ್ತಿದ್ದಳು.

"ಯಾರು ಸತ್ತಿದ್ದು?" ಎಂದು ಕೇಳಿದಳು.

ಹೇಳಿದೆ. ರೊಟ್ಟಿ ಅಂಗಡಿಯವನ ತಾಯಿ.

"ಅವಳ ಬೆನ್ನ ಮೇಲೆ ದೊಡ್ಡ ಮಚ್ಚೆ ಇತ್ತು, ದ್ರಾಕ್ಷಿ ಹಣ್ಣಿನಷ್ಟು" ಅಂದಳು ಅಕ್ಕ. "ಒಳ್ಳೆ ಹೆಂಗಸು. ನೀನು ಅವಳಿಗೆ ಪ್ರಾರ್ಥನೆ ಮಾಡ್ಲಿಲ್ಲ ಕಣೇ. ಅವಳ ಬಾಟ್ಲಿ ನೋಡ್ತಿದ್ದೆ ನೀನು."

ನಾನು ಬಾಗಿಲು ಮುಚ್ಚಿ ಒಳಗೆ ಬಂದೆ.

"ಇನ್ನು ಬೇಡ" ಅಂದಳು. "ಯಾರು ಸಾಯ್ತಾರೆ ಅಂತ ಕಾಯ್ಕೊಂಡು ಕೂತು ನಾನು ಹೊಟ್ಟೆ ಖಾಲಿ ಮಾಡ್ಕೋಬೇಕಾಗಿಲ್ಲ. ಆ ಕಹಿ ಔಷಧೀನೂ ಬೇಡ. ಡಾಕ್ಟರಮ್ಮನಿಗೆ ಹೇಳು, ಬೇಜಾರು ಮಾಡ್ಕೋಬೇಡ ಅಂತ."

ಡಾಕ್ಟರು ಬಂದು ಕೈ ಹಿಡಿದು ಕೇಳಿಕೊಂಡರು. ಎಣ್ಣೆ ಬಿಟ್ಟು ನೋಡೋಣ, ಮತ್ತೆ ನಾನೇ ಬಂದು ಮಾಡುತ್ತೇನೆ ಎಂದರು. ಅಕ್ಕ ಅವರ ಕೈ ಸವರಿ, ಒಂದು ಸಲ ಸಾಕು ತಾಯಿ ಎಂದಳು. ಮಾರ್ಫಿನ್ ಅನ್ನು ಕದ್ದು ಸಾರಿನಲ್ಲಿ ಬೆರೆಸಿಕೊಡಲೇ ಎಂದು ನಾನು ಡಾಕ್ಟರನ್ನು ಕೇಳಿದೆ. ಅವಳಿಗೆ ಬುದ್ಧಿ ನೆಟ್ಟಗಿದೆ, ಅವಳ ಮೈ ಅವಳದು, ಕದಿಯುವ ಹಕ್ಕು ನಮಗಿಲ್ಲ ಎಂದರು. ಅವರು ಹೇಳಿದ್ದು ಸರಿ. ಆ ಸರಿಯ ಜೊತೆ ಆಮೇಲಿನ ದಿನಗಳನ್ನು ಕಳೆದವಳು ನಾನು. ಮೊದಮೊದಲು ಕೂಗುತ್ತಿದ್ದಳು, ಆಮೇಲೆ ಕೂಗಲು ಶಕ್ತಿಯಿರಲಿಲ್ಲ; ಬಾಯಿ ಮಾತ್ರ ತೆರೆದಿರುತ್ತಿತ್ತು. ಬಾದಾಮಿ ಮರಗಳು ಹೂ ಬಿಡುವ ಮೊದಲು, ಬಿಸಿಲಿದ್ದ ಒಂದು ಹಗಲಿನಲ್ಲಿ ಸತ್ತಳು.

ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎನ್ನುತ್ತಾರೆ. ನಮ್ಮ ಊರು ಅರಿತಿತ್ತು. ಹಮಾಮಿನ ಹೆಂಗಸರೆಲ್ಲ ಅವಳನ್ನು ತೊಳೆಯಲು ಬಂದರು. ಹೆಣ ತೊಳೆಯುವ ಶಾಸ್ತ್ರದಲ್ಲಿ ಒಂದು ವಿಧಿಯಿದೆ, ತಮಗೂ ಗೊತ್ತಿರುತ್ತದೆ, ತಮ್ಮ ಹಿರಿಯರಿಗೂ ಮಾಡಿರುತ್ತಾರೆ: ಮೊದಲು ಹೊಟ್ಟೆಯನ್ನು ಅಂಗೈಯಿಂದ ಮೆಲ್ಲಗೆ ಒತ್ತಬೇಕು, ಒಳಗೆ ಉಳಿದದ್ದು ಹೊರಗೆ ಬರಲಿ, ಶುದ್ಧಳಾಗಿ ಹೋಗಲಿ ಎಂದು. ತೊಳೆಯುವ ಮುದುಕಿ ಒತ್ತಿದಳು. ಅವಳ ಕೈ ನಿಂತಿತು. ಮತ್ತೊಮ್ಮೆ, ಇನ್ನೂ ಮೆಲ್ಲಗೆ, ಎಚ್ಚರವಿರುವವರ ಹೊಟ್ಟೆ ಮುಟ್ಟುವ ಹಾಗೆ ಒತ್ತಿದಳು. ಆಮೇಲೆ ಕೈ ತೆಗೆದು, ನೀರು ಹುಯ್ಯಲು ಸನ್ನೆ ಮಾಡಿದಳು. ಯಾರೂ ನನ್ನ ಮುಖ ನೋಡಲಿಲ್ಲ. ಅಕ್ಕ ಹಾಗೆಯೇ ಮಣ್ಣಿಗೆ ಹೋದಳು. ನಾನು ಈಗ ಊಟಕ್ಕೆ ಕೂತಾಗ, ಬೆರಳಚ್ಚು ಯಂತ್ರದ ಮೇಲೆ ಕೈಯಿಟ್ಟಾಗ, ಆ ಮುದುಕಿಯ ಕೈ ನಿಂತದ್ದು ಕಾಣುತ್ತದೆ. ಪ್ರಾರ್ಥನೆಯಲ್ಲಿ ಹಣೆ ನೆಲಕ್ಕಿಟ್ಟಾಗ ಮಣ್ಣಿನಡಿಯಿಂದ ಅಕ್ಕ, ಬಟ್ಟೆ ಕಚ್ಚಿದ ಬಾಯಿಯಲ್ಲೇ, ಮುಗಿಯಿತಾ ಎಂದು ಕೇಳುತ್ತಾಳೆ. ಮುಗಿಯಲಿಲ್ಲ ಅಕ್ಕಾ ಎನ್ನುತ್ತೇನೆ.

ದುಃಖದ ದಿನಗಳು ಕಳೆದ ಮೇಲೆ ನಾನು ರಾಜಧಾನಿಗೆ, ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಿಗಲಿಲ್ಲ. ತಮ್ಮ ಸಹಾಯಕರು ಸೌಜನ್ಯದಿಂದಲೇ ಯಾವ ಔಷಧಿಯ ವಿಷಯ ಎಂದು ಕೇಳಿದರು. ಹೇಳಿದೆ. ಅಲ್ಲಿ ಕಾಯುತ್ತಿದ್ದ ಕೋಟುಧಾರಿಗಳಲ್ಲಿ ಒಬ್ಬರು ಕಿಸಕ್ಕೆಂದರು, ಅದು ಸಾಲಿನುದ್ದಕ್ಕೂ ಹರಿಯಿತು. ಸಹಾಯಕರೂ ತುಟಿ ಕಚ್ಚಿಕೊಂಡು ಅಂದರು: "ಅಮ್ಮಾ, ಇದಕ್ಕೋಸ್ಕರ ಬೆಟ್ಟ ಇಳಿದು ಇಷ್ಟು ದೂರ ಬಂದ್ರಾ? ಸಾಹೇಬ್ರು ಕ್ಯಾನ್ಸರು, ಹೃದಯ, ಅಂಥ ದೊಡ್ಡ ವಿಷಯ ನೋಡ್ತಾರೆ." ನಾನು ಜಗಳವಾಡಲಿಲ್ಲ. ಆ ಸಾಲಿನಲ್ಲಿದ್ದವರ ಮುಖ ಒಂದೊಂದಾಗಿ ನೋಡಿದೆ. ಇವರಲ್ಲೂ ಯಾರಿಗೋ ಒಂದು ದಿನ ಆ ಸಣ್ಣ ಬಾಟಲಿ ಬರುತ್ತದೆ, ಆಗ ಇವರು ಯಾರನ್ನು ಕೇಳುತ್ತಾರೆ, ಯಾವ ಪದದಲ್ಲಿ ಕೇಳುತ್ತಾರೆ ಎಂದು ಯೋಚಿಸಿದೆ. ಅವರ ಮೇಲೆ ಸಿಟ್ಟು ಬರಲಿಲ್ಲ. ಮರುಕವಾಯಿತು. ಅದಕ್ಕೇ ಎದ್ದು ಬಂದು ಬೆರಳಚ್ಚು ಯಂತ್ರದ ಮುಂದೆ ಕೂತೆ.

ಒಂದು ಹೊಸ ಸಂಗತಿ. ಪಕ್ಕದ ಮನೆಯ ಹಲ್ಲೂಮಾಳ ಗಂಡ ಬಷೀರ್‌ಗೆ ಶ್ವಾಸಕೋಶದ ಕ್ಯಾನ್ಸರ್ ಬೆನ್ನುಹುರಿಗೆ ಹಬ್ಬಿದೆ. ಈ ವಾರ ದವಾಖಾನೆಯಿಂದ ಮಾರ್ಫಿನ್ ಬಂದಿದೆ. ಗೋಡೆಯಾಚೆಗಿನ ಗೊರಕೆ ಮತ್ತೆ ಶುರುವಾಗಿದೆ, ಹಾಯಾಗಿ ನಿದ್ರಿಸುತ್ತಿದ್ದಾನೆ. ನಿನ್ನೆ ಹಲ್ಲೂಮಾ ಬಾಗಿಲಿಗೆ ಬಂದು, ಒಳಗೆ ಬಾ ಎಂದರೂ ಬಾರದೆ, ತಗ್ಗಿದ ದನಿಯಲ್ಲಿ ಹೇಳಿದಳು: "ಅವರು ಎರಡು ದಿನದಿಂದ ಹೋಗಿಲ್ಲ." ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ. ಅಂಜೂರ ಮಾತ್ರ ತಿನ್ನಿಸು, ತೌಡು ಮುಟ್ಟಿಸಬೇಡ, ಡಾಕ್ಟರಮ್ಮನಿಗೆ ಇವತ್ತೇ ತಿಳಿಸು, ನೀರಾಗಿ ಸೋರಿದರೆ ಸಂತೋಷಪಡಬೇಡ ಎಂದು ಹೇಳಿದೆ. ಅಷ್ಟನ್ನು ಹೇಳಲು ಒಬ್ಬಳು ಸಾಯಬೇಕಾಯಿತು.

ಆದ್ದರಿಂದ ನನ್ನ ಬೇಡಿಕೆ, ಬೇಡುವ ದನಿಯಲ್ಲಿ ಅಲ್ಲ. ಭೇದಿ ಮದ್ದನ್ನು ಅವಶ್ಯಕ ಔಷಧಿಗಳ ಪಟ್ಟಿಗೆ ವಾಪಸು ತನ್ನಿ. ಮಾರ್ಫಿನ್ ಕೊಡುವ ಕೈ ಅದನ್ನೂ ಅದೇ ದಿನ, ಅದೇ ಚೀಲದಲ್ಲಿ ಕೊಡಲೇಬೇಕೆಂದು ಆಜ್ಞೆ ಹೊರಡಿಸಿ. ನೋವು ಹೇಗಿದೆ ಎಂದು ಕೇಳುವ ಪ್ರತಿಯೊಬ್ಬ ಡಾಕ್ಟರೂ ಮುಂದಿನ ಉಸಿರಿನಲ್ಲೇ ಕಕ್ಕಸಿಗೆ ಹೋದಿರಾ ಎಂದು ಕೇಳಲಿ, ಆ ಪದದಲ್ಲೇ ಕೇಳಲಿ, ರೋಗಿ ಗೋಡೆಗೆ ತಿರುಗಿದರೆ ಕಾಯಲಿ. ತಮ್ಮ ಮುಂದಿನ ಅಧಿವೇಶನ ಬೇಸಿಗೆ ಕಳೆದ ಮೇಲೆ ಎಂದು ಕೇಳಿದ್ದೇನೆ. ಅಷ್ಟು ದಿನ ಬಷೀರ್‌ಗೆ ಇಲ್ಲ. ಸಭೆಯನ್ನು ಈ ವಾರವೇ ಕರೆಯಿರಿ. ಚಹಾ ನಾನು ಕೊಡಿಸುತ್ತೇನೆ.

ಇಂತಿ,
ಹೇಳಬಾರದ ಪದವನ್ನು ಇಳಿವಯಸ್ಸಿನಲ್ಲಿ ಕಲಿತ,
ಮಣ್ಣಿನಡಿಯಿಂದ ಕೇಳುವವಳಿಗೆ ಇನ್ನೂ ಮುಗಿಯಿತು ಎನ್ನಲಾಗದ,
ಷಾದ್ಲಿಯಾ, ನಿವೃತ್ತ ಬೆರಳಚ್ಚುಗಾರ್ತಿ